ಗಾಡಿ ಹೀಟ್ ಆಗ್ತಿದೆಯಾ? ಮೊದಲು ‘ಯಾವಾಗ’ ಅಂತ ನೋಡಿ

ಎಂಜಿನ್ ಹೀಟ್ ಆಗುತ್ತಿದೆ ಅಂದ ಕೂಡಲೇ ನಮ್ಮಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಯಾರೋ ಒಬ್ಬರು ಬಾಟಲಿ ನೀರು ತಂದು ಸುರಿಯುತ್ತಾರೆ. ಇನ್ಯಾರೋ ‘ಹೆಡ್ ಗ್ಯಾಸ್ಕೆಟ್ ಹೋಗಿರಬೇಕು’ ಅನ್ನುತ್ತಾರೆ (ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಕೂರುವ ‘ಹೆಡ್’ಗೂ ನಡುವೆ ಸೋರದಂತೆ ಇಡುವ ಪದರ ಅದು). ಈ ಎರಡರ ನಡುವೆ ಕೇಳಬೇಕಾದ ಒಂದು ಪ್ರಶ್ನೆ ಉಳಿದೇ ಹೋಗುತ್ತದೆ. ಯಾವಾಗ ಹೀಟ್ ಆಗುತ್ತದೆ? ಟ್ರಾಫಿಕ್‌ನಲ್ಲಿ ನಿಂತಾಗಲೋ, ಹೈವೇಯಲ್ಲಿ ಓಡುವಾಗಲೋ, ಘಾಟಿ ಹತ್ತುವಾಗಲೋ, ಇಲ್ಲ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಹುಡುಕಾಟ ಅರ್ಧ ಮುಗಿದಂತೆ. ಮಿಕ್ಕಿದ್ದನ್ನು ಮನೆ ಮುಂದೆಯೇ, ಎಂಜಿನ್ ತಣ್ಣಗಿರುವಾಗ, ಹೆಚ್ಚು ಖರ್ಚಿಲ್ಲದೆ ನೋಡಬಹುದು.

ಮೊದಲು ಬಿಸಿಯ ಲೆಕ್ಕ ಸ್ವಲ್ಪ ತಿಳಿದಿರಲಿ. ಪೆಟ್ರೋಲ್ ಉರಿದಾಗ ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸೈಲೆನ್ಸರ್ ಮೂಲಕ ಬಿಸಿ ಹೊಗೆಯಾಗಿ ಹೋಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಬಿಸಿಯನ್ನು ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡಲು ಒಳಗೆ ಸುತ್ತುವ ದ್ರವ, ಹೊತ್ತು ತಂದು ರೇಡಿಯೇಟರ್‌ನಲ್ಲಿ ಗಾಳಿಗೆ ಬಿಡಬೇಕು. ಅದಕ್ಕೆ ಒಳಗೆ ಸಾಕಷ್ಟು ಕೂಲೆಂಟ್ ಇರಬೇಕು, ಅದು ಸುತ್ತುತ್ತಿರಬೇಕು, ರೇಡಿಯೇಟರ್ ಮೂಲಕ ಗಾಳಿ ಹಾಯುತ್ತಿರಬೇಕು. ಇದರಲ್ಲಿ ಯಾವುದು ತಪ್ಪಿದೆ ಅನ್ನುವುದನ್ನೇ ‘ಯಾವಾಗ’ ಅನ್ನುವ ಪ್ರಶ್ನೆ ಹೇಳಿಕೊಡುತ್ತದೆ.

ಟ್ರಾಫಿಕ್‌ನಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಏರಿ, ಗಾಡಿ ಓಡತೊಡಗಿದ ಮೇಲೆ ಇಳಿಯುತ್ತದೆ ಅಂದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಓಡುವಾಗ ಗಾಳಿ ತಾನಾಗಿ ಬಡಿಯುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು, ಅಷ್ಟೇ. ಇದಕ್ಕೆ ಉಲ್ಟಾ, ಊರೊಳಗೆ ಏನೂ ಆಗದೆ ಹೈವೇಯಲ್ಲಿ ಅಥವಾ ಏರಿನಲ್ಲಿ ಮಾತ್ರ ಹೀಟ್ ಆದರೆ ಫ್ಯಾನ್ ಬಿಟ್ಟು ಬೇರೆ ಕಡೆ ನೋಡಿ. ಕೂಲೆಂಟ್ ಕಡಿಮೆ ಇರಬಹುದು, ರೇಡಿಯೇಟರ್ ಕಟ್ಟಿರಬಹುದು, ಕೂಲೆಂಟನ್ನು ಸುತ್ತಿಸುವ ವಾಟರ್ ಪಂಪ್ ಸೋತಿರಬಹುದು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಅರ್ಧ ಮಾತ್ರ ತೆರೆಯುತ್ತಿರಬಹುದು. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೇ ಮುಳ್ಳು ಮೇಲೆ ಹೋದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿದೆ, ಇಲ್ಲ ಒಳಗೆ ಗಾಳಿ ಸೇರಿದೆ, ಇಲ್ಲ ಕೂಲೆಂಟೇ ಇಲ್ಲ. ಗ್ಯಾಸ್ಕೆಟ್ ಹೋಗಿದ್ದರೂ ಹೀಗಾಗಬಹುದು.

ಈ ಮುಳ್ಳನ್ನೂ ಪೂರ್ತಿ ನಂಬಬೇಡಿ. ಈಗಿನ ಎಷ್ಟೋ ಗಾಡಿಗಳಲ್ಲಿ ಅದು 75 ಡಿಗ್ರಿಯಿಂದ 105ರ ಆಸುಪಾಸಿನವರೆಗೂ ಅಲ್ಲಾಡದೆ ನಡುವೆಯೇ ನಿಲ್ಲುವ ಹಾಗೆ ಕಂಪನಿಯವರೇ ಮಾಡಿರುತ್ತಾರೆ. ಅದು ಸರಿಯತೊಡಗಿತು ಅಂದರೆ ಆಗಲೇ ತಡವಾಗಿದೆ. ಕೆಲವು ಗಾಡಿಗಳಲ್ಲಂತೂ ಮುಳ್ಳೇ ಇಲ್ಲ, ಒಂದು ಕೆಂಪು ದೀಪ ಅಷ್ಟೇ. ಇನ್ನೂ ಅಪಾಯದ ಸಂಗತಿ ಏನೆಂದರೆ, ಕೂಲೆಂಟ್ ಪೂರ್ತಿ ಸೋರಿ ಹೋದಾಗ ಸೆನ್ಸರ್ ದ್ರವದಲ್ಲಿ ಮುಳುಗಿರದೆ ಗಾಳಿಯಲ್ಲಿ ನಿಂತುಬಿಡುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕಡಿಮೆಯನ್ನೇ ತೋರಿಸಬಹುದು. ಈ ಕೊನೆಯದಕ್ಕೆ ಕೂಲೆಂಟ್ ಮಟ್ಟ ನೋಡುವುದೇ ದಾರಿ, ಆದರೆ ಅಲ್ಲಾಡದ ಮುಳ್ಳಿನ ತೊಂದರೆಗೆ ನಾನು ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್) ಒಂದು ಸಣ್ಣ ಬ್ಲೂಟೂತ್ ಅಡಾಪ್ಟರ್ ಹಾಕಿ ಫೋನ್‌ನಲ್ಲಿ ನೋಡುತ್ತೇನೆ. ಕೂಲೆಂಟ್ ಎಷ್ಟು ಡಿಗ್ರಿ ಅಂತ ಅಂಕಿಯಲ್ಲೇ ಬರುತ್ತದೆ. ಫ್ಯಾನ್ ಎಷ್ಟಕ್ಕೆ ಶುರುವಾಯಿತು, ಎಷ್ಟಕ್ಕೆ ನಿಂತಿತು, ಏರಿನಲ್ಲಿ ಎಷ್ಟಾಯಿತು, ಎಲ್ಲ ಗೊತ್ತಾಗುತ್ತದೆ. ಗಾಡಿ ಬಗ್ಗೆ ಕಾಳಜಿ ಇರುವವರು ಮೊದಲು ಕೊಳ್ಳಬೇಕಾದ ವಸ್ತು ಇದು ಅಂತ ನನ್ನ ಅಭಿಪ್ರಾಯ.

ಈಗ ನಮ್ಮ ಭಾವನ ಕಾರಿನ ವಿಷಯಕ್ಕೆ ಬರುತ್ತೇನೆ. ಅವರಿರುವುದು ಸಕಲೇಶಪುರದಲ್ಲಿ, ಕೆಲಸದ ಮೇಲೆ ಆಗಾಗ ಮಂಗಳೂರಿಗೆ ಹೋಗಿ ಬರುತ್ತಾರೆ. ಸ್ವಲ್ಪ ಹಳೆಯ ಪೆಟ್ರೋಲ್ ಗಾಡಿ. ಗ್ಯಾರೇಜ್ ಒಂದರಲ್ಲಿ ‘ಹೆಡ್ ಇಳಿಸಬೇಕು, ಗ್ಯಾಸ್ಕೆಟ್ ಹೋಗಿದೆ’ ಅಂದಿದ್ದರು. ಹೆಡ್ ಇಳಿಸಿದರೆ ಅಲ್ಲಿಗೇ ಮುಗಿಯುವುದಿಲ್ಲ. ಹೆಡ್‌ನ ಮೈ ಸಮ ಮಾಡುವ ಫೇಸಿಂಗ್ ಮಾಡಿಸು, ಬೋಲ್ಟ್ ಬದಲಿಸು, ಟೈಮಿಂಗ್ ಬೆಲ್ಟ್ ಬದಲಿಸು ಅಂತ ಲೆಕ್ಕ ಬೆಳೆಯುತ್ತಲೇ ಹೋಗುತ್ತದೆ.

‘ಭಾವ, ಯಾವಾಗ ಹೀಟ್ ಆಗುತ್ತೆ ಹೇಳಿ’ ಅಂದೆ.

‘ಗುಂಡ್ಯ ದಾಟಿ ಶಿರಾಡಿ ಹತ್ತೋಕೆ ಶುರು ಮಾಡಿದ ಮೇಲೆ. ಎಸಿ ಹಾಕಿದ್ರೆ ಬೇಗ ಏರುತ್ತೆ. ಇಲ್ಲಿ ಪೇಟೆ ಒಳಗೆ ಎಷ್ಟು ಓಡಾಡಿದ್ರೂ ಏನೂ ಆಗಲ್ಲ ಕಣೋ.’

‘ನೀರು ಕಡಿಮೆ ಆಗ್ತಿದೆಯಾ?’

‘ಇಲ್ಲ, ಬಾಟಲಿ ಯಾವಾಗ ನೋಡಿದ್ರೂ ಫುಲ್ ಇರುತ್ತೆ.’

ಈ ಕೊನೆಯ ಮಾತಿನಲ್ಲೇ ಸುಳಿವಿತ್ತು. ಬಾನೆಟ್ ಎತ್ತಿದರೆ ಕಾಣುವ ಬಿಳಿ ಪ್ಲಾಸ್ಟಿಕ್ ಬಾಟಲಿಯನ್ನು ನೋಡಿ ‘ನೀರು ಸರಿ ಇದೆ’ ಅಂದುಕೊಳ್ಳುವವರು ಬಹಳ ಜನ. ಆದರೆ ಬಾಟಲಿಗಳಲ್ಲಿ ಎರಡು ಬಗೆ ಇವೆ. ಕೆಲವು ಗಾಡಿಗಳಲ್ಲಿ ಒತ್ತಡ ತಡೆಯುವ ಮುಚ್ಚಳ ಬಾಟಲಿಯ ಮೇಲೆಯೇ ಇರುತ್ತದೆ, ಆ ಬಾಟಲಿಯೂ ಕೂಲೆಂಟ್ ಸುತ್ತುವ ದಾರಿಯ ಒಂದು ಭಾಗ. ಅಲ್ಲಿ ಕಾಣುವ ಮಟ್ಟವೇ ನಿಜವಾದ ಮಟ್ಟ. ಇನ್ನು ಕೆಲವು ಗಾಡಿಗಳಲ್ಲಿ, ಹಳೆಯ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ, ಒತ್ತಡದ ಮುಚ್ಚಳ ರೇಡಿಯೇಟರ್ ಮೇಲೆ ಇರುತ್ತದೆ. ಬಾಟಲಿ ಬರೀ ಹೆಚ್ಚಾದದ್ದನ್ನು ಹಿಡಿದಿಟ್ಟುಕೊಳ್ಳುವ ಜಾಗ. ಎಂಜಿನ್ ಬಿಸಿಯಾದಾಗ ಹಿಗ್ಗಿದ ಕೂಲೆಂಟ್ ಮುಚ್ಚಳದ ಸ್ಪ್ರಿಂಗ್ ಎತ್ತಿಕೊಂಡು ಬಾಟಲಿಗೆ ಬರುತ್ತದೆ. ತಣ್ಣಗಾದಾಗ ಒಳಗೆ ಉಂಟಾಗುವ ಎಳೆತಕ್ಕೆ ಮುಚ್ಚಳದ ನಡುವಿನ ಪುಟ್ಟ ವಾಲ್ವ್ ತೆರೆದು ಕೂಲೆಂಟ್ ವಾಪಸ್ ಹೋಗಬೇಕು. ವಾಪಸ್ ಹೋಗುವುದು ನಿಂತರೆ ಬಾಟಲಿ ತುಂಬಿಯೇ ಇರುತ್ತದೆ, ಆದರೆ ರೇಡಿಯೇಟರ್ ಸ್ವಲ್ಪ ಸ್ವಲ್ಪವಾಗಿ ಖಾಲಿಯಾಗುತ್ತಾ ಬರುತ್ತದೆ. ಪೇಟೆಯ ಓಡಾಟಕ್ಕೆ ಅಷ್ಟೇ ಸಾಕಾಗುತ್ತದೆ, ಘಾಟಿಗೆ ಸಾಕಾಗುವುದಿಲ್ಲ.

ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದೆವು. ‘ತಣ್ಣಗಿದ್ದಾಗ’ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ, ದಯವಿಟ್ಟು ಗಮನಿಸಿ. ಆ ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ. ಅದು ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಬಾರ್ ಹೆಚ್ಚು ತಡೆಯುತ್ತದೆ ಅನ್ನುವ ಲೆಕ್ಕ. ಬೆಂಗಳೂರು, ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ 0.9 ಬಾರ್ ಹಿಡಿದುಕೊಂಡರೆ ಅದೇ ನೀರು ಸುಮಾರು 117 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಕೂಲೆಂಟ್ ಬೆರೆಸಿದ್ದರೆ ಇನ್ನೂ ಜಾಸ್ತಿ. ಬಿಸಿಯಿರುವಾಗ ಮುಚ್ಚಳ ತೆಗೆದರೆ ಆ ಒತ್ತಡ ಒಮ್ಮೆಲೇ ಹೋಗಿ ಒಳಗಿನ ನೀರು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಹಿಡಿದು ತೆಗೆದರೂ ಸುಡುತ್ತದೆ. ಮೇಲಿನ ದಪ್ಪ ಹೋಸ್ ಮುಟ್ಟಿದರೆ ತಣ್ಣಗೆ, ಮೆತ್ತಗೆ ಇರಬೇಕು. ಆಮೇಲೆಯೇ ಮುಚ್ಚಳಕ್ಕೆ ಕೈ ಹಾಕಿ.

ತೆಗೆದು ನೋಡಿದರೆ ಬಾಟಲಿ ಫುಲ್ ಗೆರೆಯ ಮೇಲಿದೆ, ರೇಡಿಯೇಟರ್‌ನಲ್ಲಿ ಮಾತ್ರ ಬಾಯಿಂದ ಮೂರು ಬೆರಳು ಕೆಳಗಿದೆ. ಮುಚ್ಚಳದ ರಬ್ಬರ್ ವಾಷರ್ ಗಟ್ಟಿಯಾಗಿ ಅಂಚು ಬಿರಿದಿತ್ತು. ಅಲ್ಲಿಗೆ ಮುಚ್ಚಳದ್ದೇ ತಪ್ಪು ಅಂತ ತೀರ್ಮಾನ ಮಾಡಬಹುದಿತ್ತು. ಆದರೆ ಮಾಡಬಾರದು. ಏಕೆಂದರೆ ಹೆಡ್ ಗ್ಯಾಸ್ಕೆಟ್ ಸೀಳಿದ್ದರೂ ಹೀಗೇ ಕಾಣುತ್ತದೆ. ಸಿಲಿಂಡರ್ ಒಳಗಿನ ಗ್ಯಾಸ್ ಕೂಲೆಂಟ್ ದಾರಿಗೆ ನುಗ್ಗಿ ಕೂಲೆಂಟನ್ನು ಬಾಟಲಿಗೆ ತಳ್ಳುತ್ತದೆ. ಒಂದೇ ಲಕ್ಷಣ, ಎರಡು ಕಾರಣ. ಒಂದಕ್ಕೆ ಕೆಲವು ನೂರು ರೂಪಾಯಿ, ಇನ್ನೊಂದಕ್ಕೆ ಹತ್ತಾರು ಸಾವಿರ. ಬೇರೆ ಬೇರೆ ಮಾಡಿ ನೋಡಲೇಬೇಕು ಅಲ್ವಾ?

ಅದನ್ನು ಮನೆಯಲ್ಲೇ ಮಾಡಬಹುದು. ತಣ್ಣಗಿನ ಎಂಜಿನ್‌ನಲ್ಲಿ ರೇಡಿಯೇಟರ್ ಬಾಯಿಮಟ್ಟ ತುಂಬಿಸಿ. ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿಸಿ, ನೀವು ಸ್ವಲ್ಪ ದೂರದಿಂದ ಬಾಯಿಯನ್ನು ನೋಡುತ್ತಿರಿ. ಮೊದಲಿಗೆ ಒಳಗೆ ಸಿಕ್ಕಿಕೊಂಡಿದ್ದ ಗಾಳಿಯ ಗುಳ್ಳೆ ಕೆಲವು ಬರುತ್ತವೆ, ಬಂದು ನಿಲ್ಲುತ್ತವೆ. ಅದಕ್ಕೆ ಹೆದರಬೇಕಿಲ್ಲ. ನಿಲ್ಲದೆ ಬುಳಬುಳ ಬರುತ್ತಲೇ ಇದ್ದರೆ, ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗ ಜಾಸ್ತಿಯಾದರೆ, ಅದು ಸಿಲಿಂಡರ್‌ನಿಂದ ಬರುತ್ತಿರುವ ಗ್ಯಾಸ್. ಎಂಜಿನ್ ಬಿಸಿಯಾಗುವ ಮೊದಲೇ ಮುಚ್ಚಳ ಹಾಕಿಬಿಡಬೇಕು. ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಮುಚ್ಚಳ ಹಾಕಿ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೆ ಮೇಲಿನ ಹೋಸ್ ಒತ್ತಿ ನೋಡಿ. ಇನ್ನೂ ಬಿಸಿಯೇ ಆಗದೆ ಗಟ್ಟಿಯಾಗಿ ಉಬ್ಬಿದ್ದರೆ ಗ್ಯಾಸ್ಕೆಟ್ ಅನುಮಾನ ಬಲವಾಗುತ್ತದೆ, ಏಕೆಂದರೆ ಅಷ್ಟು ಬೇಗ ಒತ್ತಡ ಬರಲು ಬೇರೆ ಕಾರಣ ಕಡಿಮೆ.

ಆಯಿಲ್ ಹಾಕುವ ಮುಚ್ಚಳದ ಕೆಳಗೆ ಕಾಫಿ ಬಣ್ಣದ ನೊರೆ ಕಂಡರೆ ಗ್ಯಾಸ್ಕೆಟ್ ಹೋಗಿದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಮಳೆಗಾಲದಲ್ಲಿ, ಚಳಿಯಲ್ಲಿ, ದಿನಕ್ಕೆ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಬರೀ ತೇವದಿಂದಲೂ ಸ್ವಲ್ಪ ನೊರೆ ಕಟ್ಟುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿ. ಅದರಲ್ಲೂ ಆಯಿಲ್ ಹಾಲು ಬೆರೆತ ಹಾಗೆ ಕಂಡರೆ, ಮಟ್ಟವೂ ಏರಿದ್ದರೆ, ಗಾಡಿ ಸ್ಟಾರ್ಟ್ ಮಾಡದೆ ಟೋ ಮಾಡಿಸಿಕೊಂಡೇ ಹೋಗಿ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ, ಸ್ವಲ್ಪ ಸಿಹಿ ವಾಸನೆ ಬರುತ್ತಿದ್ದರೆ ಅದೂ ಕೂಲೆಂಟ್ ಉರಿಯುತ್ತಿರುವ ಗುರುತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುವ ತೆಳು ಹಬೆಗೆ ತಲೆ ಕೆಡಿಸಿಕೊಳ್ಳಬೇಡಿ.

ಭಾವನ ಗಾಡಿಯಲ್ಲಿ ಗುಳ್ಳೆ ಇಲ್ಲ, ಹೋಸ್ ಮೆತ್ತಗಿದೆ, ಆಯಿಲ್ ಸ್ವಚ್ಛ. ಮುಚ್ಚಳ ಬದಲಿಸಿದೆವು, ಅದೇ 0.9ರದ್ದು. ಜಾಸ್ತಿ ಒತ್ತಡದ್ದು ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಭಾವ ಕೇಳಿದರು. ಅಲ್ಲ. ಹಳೆಯ ಹೋಸ್, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಆ ಒತ್ತಡಕ್ಕೆ ಬಿರಿಯಬಹುದು. ಕಂಪನಿ ಕೊಟ್ಟ ಅಂಕಿಯದ್ದನ್ನೇ ಹಾಕಬೇಕು. ರೇಡಿಯೇಟರ್ ಬಾಯಿಂದ ಬಾಟಲಿಗೆ ಹೋಗುವ ಸಣ್ಣ ಪೈಪನ್ನೂ ನೋಡಿದೆವು. ಅದು ಎಲ್ಲಾದರೂ ಸೀಳಿದ್ದರೆ, ಅಥವಾ ಬಾಟಲಿ ಒಳಗಿನ ತುದಿ ಕೂಲೆಂಟ್‌ನಲ್ಲಿ ಮುಳುಗಿರದಿದ್ದರೆ, ಹೊಸ ಮುಚ್ಚಳ ಹಾಕಿದರೂ ಒಳಗೆ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಈ ಪೈಪನ್ನು ಯಾರೂ ನೋಡುವುದಿಲ್ಲ. ನೀವು ನೋಡಿ.

ಘಾಟಿ ಹತ್ತಿದಾಗ ಮೊದಲಿಗಿಂತ ಎಷ್ಟೋ ವಾಸಿ, ಆದರೆ ಎಸಿ ಹಾಕಿದರೆ ಫೋನ್‌ನಲ್ಲಿ ಅಂಕಿ ಇನ್ನೂ 105ರ ಮೇಲೆ ಹೋಗುತ್ತಿತ್ತು. ಎಸಿ ಜೊತೆಗೆ ಏರುತ್ತದೆ ಅಂದರೆ ಎಸಿಯ ಬಿಸಿಯನ್ನು ಹೊರಬಿಡುವ ಕಂಡೆನ್ಸರ್ ಕಡೆ ನೋಡಬೇಕು. ಅದು ರೇಡಿಯೇಟರ್ ಮುಂದೆಯೇ ನಿಂತಿರುತ್ತದೆ, ಹೊರಗಿನ ಗಾಳಿ ಅದನ್ನು ದಾಟಿಯೇ ರೇಡಿಯೇಟರ್‌ಗೆ ಬರಬೇಕು. ಮೇಲಿನಿಂದ ಟಾರ್ಚ್ ಬಿಟ್ಟು ಎರಡರ ನಡುವಿನ ಸಂದಿಗೆ ಇಣುಕಿದರೆ ಧೂಳು, ಒಣ ಎಲೆ ಚೂರು, ಸತ್ತ ಹುಳ ಎಲ್ಲ ಸೇರಿ ಹೆಪ್ಪುಗಟ್ಟಿದ ಪದರ. ಮುಂದಿನಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ, ಕಂಡೆನ್ಸರ್ ಮುಖ ಸ್ವಚ್ಛವಾಗಿಯೇ ಇತ್ತು. ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ವರ್ಷಗಟ್ಟಲೆ ಓಡಿದ ಗಾಡಿ, ಇಷ್ಟು ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಸಾಧಾರಣ ಹೋಸ್‌ಪೈಪ್‌ನಲ್ಲಿ, ಎಂಜಿನ್ ಕಡೆಯಿಂದ ಮುಂದಕ್ಕೆ, ನಿಧಾನವಾಗಿ ನೀರು ಬಿಟ್ಟು ತೊಳೆದೆವು. ವಾಟರ್ ಸರ್ವಿಸ್‌ನ ಜೋರು ಪ್ರೆಶರ್ ಹತ್ತಿರದಿಂದ ಬಿಟ್ಟರೆ ತೆಳು ರೆಕ್ಕೆಗಳೆಲ್ಲ ಮಡಚಿ ಗಾಳಿ ಹಾಯುವ ಜಾಗವೇ ಮುಚ್ಚಿಹೋಗುತ್ತದೆ. ಆಮೇಲೆ ಎಸಿ ಹಾಕಿಕೊಂಡು ಶಿರಾಡಿ ಹತ್ತಿದರೂ 98ರ ಆಚೀಚೆ ನಿಂತಿತು. ಹೆಡ್ ಇಳಿಸುವ ಮಾತೇ ಬರಲಿಲ್ಲ.

ಅವರ ಗಾಡಿಯಲ್ಲಿ ಫ್ಯಾನ್ ಸರಿ ಇತ್ತು. ನಿಮ್ಮದರಲ್ಲಿ ಅನುಮಾನವಿದ್ದರೆ ಹೀಗೆ ನೋಡಿ. ಎಂಜಿನ್ ಓಡುತ್ತಿರುವಾಗ ಎಸಿ ಹಾಕಿ. ಬಹುತೇಕ ಗಾಡಿಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ (ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್), ಮೋಟಾರ್ ಈ ಸಾಲಿನಲ್ಲಿ ನೋಡಿ. ಅದೇ ಫ್ಯೂಸ್ ಬಾಕ್ಸ್‌ನಲ್ಲಿ ಹಾರ್ನ್‌ಗೋ ಇನ್ನೊಂದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಬಹುದು. ಎಸಿಗೆ ತಿರುಗಿ, ಬಿಸಿಗೆ ಮಾತ್ರ ತಿರುಗದಿದ್ದರೆ ಟೆಂಪರೇಚರ್ ಸೆನ್ಸರ್ ಅಥವಾ ಅದರ ವೈರ್ ಮೇಲೆ ಅನುಮಾನ. ಕೈ, ಶಾಲು, ಸೆರಗು ದೂರ ಇರಲಿ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ಇದ್ದಕ್ಕಿದ್ದಂತೆ ಶುರುವಾಗುತ್ತದೆ.

ಇಲ್ಲಿ ನನಗೆ ನಿಜವಾಗಿ ಬೇಸರ ತರುವ ಎರಡು ರೂಢಿಗಳ ಬಗ್ಗೆ ಹೇಳಲೇಬೇಕು. ಒಂದು, ಫ್ಯಾನ್ ಡೈರೆಕ್ಟ್ ಮಾಡಿಕೊಡುವುದು. ಕೀ ಹಾಕಿದರೆ ಸಾಕು, ಫ್ಯಾನ್ ಸದಾ ತಿರುಗುತ್ತಿರುತ್ತದೆ. ಇನ್ನೊಂದು, ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಕುವುದು. ‘ನಮ್ಮ ಸೆಕೆಗೆ ಅದು ಬೇಡ ಸಾರ್’ ಅನ್ನುತ್ತಾರೆ. ಇದು ತಪ್ಪು. ಥರ್ಮೋಸ್ಟಾಟ್ ಇರುವುದು ಚಳಿ ದೇಶಕ್ಕೆ ಮಾತ್ರ ಅಲ್ಲ. ಎಂಜಿನ್ ಬೇಗ ತನ್ನ ಸರಿಯಾದ ಬಿಸಿಗೆ ಬಂದು ಅಲ್ಲೇ ನಿಲ್ಲಲಿ ಅಂತ ಅದನ್ನು ಇಟ್ಟಿರುವುದು. ಅದಿಲ್ಲದಿದ್ದರೆ ಎಂಜಿನ್ ಹೆಚ್ಚು ಹೊತ್ತು ತಣ್ಣಗೇ ಓಡುತ್ತದೆ, ಕಂಪ್ಯೂಟರ್ ‘ಇನ್ನೂ ತಣ್ಣಗಿದೆ’ ಅಂತ ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಆಯಿಲ್ ಬೇಗ ಹಾಳಾಗುತ್ತದೆ, ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್‌ಗಳಲ್ಲಂತೂ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಅದೇ ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿ ಕೂಲೆಂಟ್‌ನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಬೈಪಾಸ್‌ನಲ್ಲೇ ಸುತ್ತಿ ಹೀಟ್ ಇನ್ನೂ ಜಾಸ್ತಿಯಾಗುತ್ತದೆ. ಇಷ್ಟೆಲ್ಲ ಮಾಡಿದರೂ ಮೂಲ ತೊಂದರೆ ಅಲ್ಲೇ ಇರುತ್ತದೆ. ಕಟ್ಟಿದ ರೇಡಿಯೇಟರ್ ಕಟ್ಟಿಯೇ ಇರುತ್ತದೆ, ಗಾಡಿಯ ಯಜಮಾನನಿಗೆ ಮಾತ್ರ ಅದು ಒಂದು ವರ್ಷ ತಡವಾಗಿ ಗೊತ್ತಾಗುತ್ತದೆ.

ಥರ್ಮೋಸ್ಟಾಟ್ ಕೆಟ್ಟಿದೆಯಾ ಅಂತ ಸುಮ್ನೆ ಊಹಿಸಬೇಕಿಲ್ಲ. ಗಾಡಿಯಲ್ಲಿದ್ದಾಗಲೇ ಗೊತ್ತಾಗುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಆಗಾಗ ಮುಟ್ಟಿ ನೋಡಿ. ಬಹಳಷ್ಟು ಗಾಡಿಗಳಲ್ಲಿ ಅದು ಸ್ವಲ್ಪ ಹೊತ್ತು ತಣ್ಣಗಿದ್ದು, ಆಮೇಲೆ ಬೇಗ ಬೇಗ ಬಿಸಿಯಾಗುತ್ತದೆ. ವಾಲ್ವ್ ತೆರೆಯಿತು ಅಂತ ಅರ್ಥ. ಅಂಕಿ 100 ದಾಟಿದರೂ ಹೋಸ್ ತಣ್ಣಗೇ ಇದ್ದರೆ ತೆರೆದಿಲ್ಲ. ಬಿಚ್ಚಿದ್ದರೆ ಒಂದು ಹಳೆಯ ಪಾತ್ರೆಯಲ್ಲಿ ನೀರು ಹಾಕಿ, ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಡಿ. ವಾಲ್ವ್ ಮೇಲೆ 82 ಅಥವಾ 88 ಅಂತ ಒತ್ತಿರುತ್ತದೆ, ಅಲ್ಲಿಗೆ ಬಂದಾಗ ಒಳಗಿನ ಮೇಣ ಕರಗಿ ಹಿಗ್ಗಿ ಬಾಯಿ ತೆರೆಯತೊಡಗಬೇಕು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ವಾಟರ್ ಪಂಪ್ ಬಗ್ಗೆ ಎರಡೇ ಮಾತು. ಅದರ ಕೆಳಗೆ ಒಂದು ಪುಟ್ಟ ತೂತು ಇರುತ್ತದೆ, ಅಲ್ಲಿ ಕೂಲೆಂಟ್ ಹರಿದ ಕಲೆ ಕಂಡರೆ ಸೀಲ್ ಹೋಗಿದೆ. ಮುಳ್ಳು ಮೇಲಿದ್ದಾಗ ಹೀಟರ್ ಹಾಕಿದರೆ ಬಿಸಿ ಗಾಳಿ ಬರಬೇಕು. ತಣ್ಣನೆ ಗಾಳಿ ಬಂದರೆ ಬಿಸಿ ಕೂಲೆಂಟ್ ಹೀಟರ್‌ವರೆಗೆ ತಲುಪುತ್ತಿಲ್ಲ. ಒಂದೋ ಕೂಲೆಂಟ್ ಇಲ್ಲ, ಇಲ್ಲ ಗಾಳಿ ಸೇರಿದೆ, ಇಲ್ಲ ಪಂಪ್ ತಳ್ಳುತ್ತಿಲ್ಲ.

ರಸ್ತೆಯಲ್ಲಿ ಹೀಟ್ ಆದಾಗಲೂ ಈ ಹೀಟರ್ ಉಪಯೋಗಕ್ಕೆ ಬರುತ್ತದೆ. ಎಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟು, ಕಿಟಕಿ ಇಳಿಸಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಹಬೆ ಬರುತ್ತಿದ್ದರೆ ಅಥವಾ ಕೆಂಪು ದೀಪ ಹತ್ತಿದರೆ ಎಂಜಿನ್ ಆಫ್. ‘ಇನ್ನೆರಡು ಕಿಲೋಮೀಟರ್ ಅಷ್ಟೇ’ ಅಂತ ಓಡಿಸಿದವರ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುವುದು ಆ ಎರಡು ಕಿಲೋಮೀಟರಿನಲ್ಲೇ. ಅರ್ಧ ಗಂಟೆಯಾದರೂ ಕಾಯಿರಿ, ಒಂದು ಗಂಟೆ ಕಾದರೆ ಇನ್ನೂ ಒಳ್ಳೆಯದು. ಸುಡುವ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡಬಹುದು.

ಇನ್ನು ಒಳಗೆ ಏನು ಹಾಕಬೇಕು ಅನ್ನುವುದು. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಯಾವ ನೀರಾದರೂ ಆಗುತ್ತದೆ. ಆದರೆ ಮನೆಗೆ ಬಂದ ಮೇಲೆ ಅದನ್ನೇ ಬಿಟ್ಟುಬಿಡಬೇಡಿ. ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವ ಹಾಗೆಯೇ ರೇಡಿಯೇಟರಿನ ತೆಳು ಕೊಳವೆಗಳಲ್ಲೂ ಕಟ್ಟುತ್ತದೆ. ಗಾಡಿ ಓಡಿಸಿ ಬಂದು, ಕೀ ತೆಗೆದು, ಫ್ಯಾನ್‌ಗೆ ಕೈ ತಾಗದ ಹಾಗೆ ಎಚ್ಚರದಿಂದ ರೇಡಿಯೇಟರ್ ಮುಖದ ಮೇಲೆ ಅಲ್ಲಲ್ಲಿ ಕೈಯಾಡಿಸಿದರೆ ಕಟ್ಟಿದ ಜಾಗ ಮಾತ್ರ ತಣ್ಣಗಿರುವುದು ಗೊತ್ತಾಗುತ್ತದೆ. ಬರೀ ನೀರಿಗೆ ತುಕ್ಕು ತಡೆಯುವ ಗುಣವೂ ಇಲ್ಲ. ಬ್ಯಾಟರಿಗೆ ಹಾಕುವ ಶುದ್ಧ ಡಿಸ್ಟಿಲ್ಡ್ ವಾಟರ್‌ಗೆ ಕೂಲೆಂಟ್ ಅರ್ಧಕ್ಕರ್ಧ ಬೆರೆಸಿ, ಅಥವಾ ಬೆರೆಸಿಯೇ ಬರುವುದನ್ನು ಕೊಳ್ಳಿ. ಬರೀ ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯನ್ನೇ ಹಾಕಿ. ಹೊಂದದ ಎರಡು ಬಗೆ ಬೆರೆತರೆ ಒಳಗೆ ಗಸಿ ಕಟ್ಟಬಹುದು.

ಹಳೆಯ ಕೂಲೆಂಟ್ ಇಳಿಸುವಾಗ ಕೆಳಗೆ ಒಂದು ಅಗಲವಾದ ಟಬ್ ಇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಮಾತ್ರ ಸಿಹಿ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಚೆಲ್ಲಿದ ಜಾಗವನ್ನು ಕೂಡಲೇ ಚೆನ್ನಾಗಿ ತೊಳೆಯಿರಿ. ಇಳಿಸಿದ್ದನ್ನು ಕ್ಯಾನ್‌ಗೆ ತುಂಬಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮುಂದಿನ ಸಲ ಗ್ಯಾರೇಜ್‌ಗೆ ಹೋದಾಗ ಹಳೆಯ ಆಯಿಲ್ ಸಂಗ್ರಹಿಸುವವರು ಇದನ್ನೂ ತೆಗೆದುಕೊಳ್ಳುತ್ತಾರಾ ಅಂತ ಕೇಳಿ, ಆಯಿಲ್ ಜೊತೆ ಮಾತ್ರ ಬೆರೆಸಬೇಡಿ.